ಪರರ ಕಟ್ಟೆಯ ಮೇಲೆ ಸ್ವಾತಂತ್ರ್ಯದ ಪಾಠ

ನಮ್ಮ ಪಕ್ಕದ ಮನೆಯ ಪದ್ಮಾಬಾಯಿಯವರು ದಿನವೂ ಬೆಳಗ್ಗೆ ಹೂಬತ್ತಿ ಹೊಸೆಯುತ್ತ ಕಂಪ್ಯೂಟರ್ ಪಾಠ ಕೇಳುತ್ತಿದ್ದರು. ಅವರಿಗೆ ಕಂಪ್ಯೂಟರ್ ಬಾರದು. ಕಲಿಯುವ ಬಯಕೆಯೂ ಇರಲಿಲ್ಲ. ಬೇರೆ ಮನೆಗಳಿಂದ ಸ್ತೋತ್ರವೋ ದೇವರನಾಮವೋ ಕೇಳಿಬರುವ ಆ ಹೊತ್ತಿನಲ್ಲಿ ನಮ್ಮಿಬ್ಬರ ಅಡುಗೆಮನೆಗಳ ನಡುವಿನ ಗೋಡೆಯನ್ನು ದಾಟಿ ಬರುತ್ತಿದ್ದುದು ಒಬ್ಬ ನಿವೃತ್ತ ರೈಲ್ವೆ ಸಿಗ್ನಲ್ ಇನ್ಸ್‌ಪೆಕ್ಟರರ ಧ್ವನಿ: "ಈಗ ಏನ್ ಮಾಡ್ರಿ ಅಂದ್ರ, ಒಂದು ಹೊಸಾ ಫೈಲ್ ತೆಗೀರಿ. ಗಾಬರಿ ಆಗಬ್ಯಾಡ್ರಿ, ಯಂತ್ರ ಏನ್ ಕಡಿಯೂದಿಲ್ಲ." ಆ ಧ್ವನಿ ಪದ್ಮಾಬಾಯಿಯವರ ಯಜಮಾನರಾದ ಗುಂಡೇರಾಯರದು. ಅವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅರವತ್ತನಾಲ್ಕು ಪಾಠಗಳು, ದಿನಕ್ಕೊಂದರಂತೆ ಕೇಳಿ ಮುಗಿಸಿ ಆಕೆ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು. ಪಾರಾಯಣಕ್ಕೂ ಅದಕ್ಕೂ ನನಗೆ ಹೆಚ್ಚಿನ ಅಂತರ ಕಾಣುತ್ತಿರಲಿಲ್ಲ.

ಆ ಧ್ವನಿಯನ್ನು ನಿಲ್ಲಿಸಿದವಳು ನಾನು. ಸದುದ್ದೇಶದಿಂದ, ಸ್ನಾನ ಮಾಡಿ, ಸಂಕಲ್ಪಪೂರ್ವಕವಾಗಿ ನಿಲ್ಲಿಸಿದೆ. ಅದು ಹೇಗೆಂಬುದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಹೇಳಿಕೊಂಡರೂ ಸಮಾಧಾನವಾಗುವ ಭರವಸೆಯಿಲ್ಲ.

ನಮ್ಮ ತಂದೆಯವರು ಕಲಬುರಗಿಯ ಕಡೆಯಿಂದ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಕಚೇರಿಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಊಟದ ಎಲೆಯ ಮುಂದೆ ಕನ್ನಡ, ದೇವರ ಕೋಣೆಯಲ್ಲಿ ಸಂಸ್ಕೃತ ಎಂಬುದು ಮನೆಯ ಕಟ್ಟಳೆಯಾಗಿತ್ತು. ಸಂಸ್ಕೃತವನ್ನು ಅವರು ನನಗೆ ಎದುರು ಕೂರಿಸಿಕೊಂಡು ಹೇಳಿಕೊಟ್ಟರು. ಆ ಬಲದ ಮೇಲೆ ನಾನು ಮುಂದೆ ಕಾಲೇಜೊಂದರಲ್ಲಿ ಆಯುಷ್ಯದ ಬಹುಭಾಗ ಪಾಠ ಮಾಡಿದೆ. ನಿವೃತ್ತಳಾಗಿ ಮಲ್ಕಾಜ್‌ಗಿರಿಯ ಈ ಮನೆಗೆ ಬಂದ ಮೇಲೆ ತಂದೆಯವರು ಪುರಾಣಗಳಿಗೆ ಬರೆದಿಟ್ಟಿದ್ದ ಕನ್ನಡ ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಏರಿಸುವ ಹವ್ಯಾಸ ಹತ್ತಿತು. ಪೇಟೆಯಿಂದ ಕೊಂಡು ತಂದ ಒಂದು ಕನ್ನಡ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಮೂರು ವರ್ಷ ಕುಳಿತೆ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿದರು. ಹೊಸ ಯಂತ್ರ ತಂದು ತೆರೆದು ನೋಡಿದರೆ ತಂದೆಯವರ ಟಿಪ್ಪಣಿಯ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೂ ಅರ್ಧಚಂದ್ರಗಳೂ ತುಂಬಿಕೊಂಡಿದ್ದವು. ನನ್ನ ಬರಹ ನನ್ನ ಮನೆಯಲ್ಲೇ ಇದ್ದು ನನಗೇ ಮುಚ್ಚಿದ ಬಾಗಿಲಾಗಿತ್ತು.

ಆ ಬಾಗಿಲನ್ನು ತೆರೆದುಕೊಟ್ಟವರು ಗುಂಡೇರಾಯರು. ಎಲ್ಲೆಲ್ಲಿಯೋ ಕುಳಿತ ಅಪರಿಚಿತರು ಸೇರಿ ಕಟ್ಟಿ, ಯಾರು ಬೇಕಾದರೂ ಒಳಗನ್ನು ನೋಡಬಹುದು, ತಿದ್ದಬಹುದು, ನಕಲು ಮಾಡಿ ನೆರೆಯವರಿಗೆ ಕೊಡಬಹುದು ಎಂದು ಬಿಟ್ಟುಕೊಟ್ಟ ಒಂದು ಸಣ್ಣ ಸಾಧನದಿಂದ ಎರಡು ದಿನಗಳಲ್ಲಿ ಆ ಟಿಪ್ಪಣಿಗಳನ್ನೆಲ್ಲ ಓದಲು ಬರುವ ಕನ್ನಡಕ್ಕೆ ತಿರುಗಿಸಿದರು. ಇಂಥದ್ದನ್ನು ಸ್ವತಂತ್ರ ತಂತ್ರಾಂಶ ಎನ್ನುತ್ತಾರೆಂದು ಆಗ ತಿಳಿದೆ. ನನಗೆ ಅದು ಹೊಸ ಸಂಗತಿಯಾಗಿ ಕಾಣಲಿಲ್ಲ. ವಿದ್ಯೆಯನ್ನು ಪಡೆದವನು ಅದನ್ನು ಇನ್ನೊಬ್ಬನಿಗೆ ಕೊಡಲೇಬೇಕು, ಕೊಡುವಾಗ ಮುಚ್ಚಿಡಬಾರದು ಎಂಬುದನ್ನು ನಮ್ಮ ತಂದೆ ನನಗೆ ಅಕ್ಷರಾಭ್ಯಾಸದ ದಿನವೇ ಹೇಳಿದ್ದರು. ಅವರು ಹೇಳಿದ್ದು ಯಂತ್ರಗಳಿಗೂ ಸಲ್ಲುತ್ತದೆಂಬುದಷ್ಟೇ ಹೊಸದು.

ಹೊಸದಾಗಿ ದೀಕ್ಷೆ ಪಡೆದವರ ಉತ್ಸಾಹವನ್ನು ನೀವು ನೋಡಿಯೇ ಇರುತ್ತೀರಿ. ಅವರು ಕಂಡವರ ಮನೆಯಲ್ಲಿ ನೀರು ಕುಡಿಯುವುದಿಲ್ಲ. ನಾನೂ ಹಾಗಾದೆ. ನನ್ನ ರಕ್ತದೊತ್ತಡ ನೋಡುತ್ತಿದ್ದ ವೈದ್ಯರಿಗೆ ಅವರ ಮೇಜಿನ ಮೇಲಿನ ಕಂಪ್ಯೂಟರ್ ಪರಾಧೀನವೆಂದು ತಿಳಿಯಹೇಳಿದೆ. ಅವರು ಶಾಂತವಾಗಿ ಕೇಳಿ, ನನ್ನ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಿದರು.

ಗುಂಡೇರಾಯರೂ ನಾನೂ ಸೇರಿ ಒಂದು ಕೂಟ ಕಟ್ಟಿದೆವು. ರಾಯರನ್ನು ಬಿಟ್ಟು ಇಪ್ಪತ್ತಾರು ಜನ: ಬಹುಪಾಲು ನಿವೃತ್ತರು, ಕೆಲವರು ಶಿಕ್ಷಕರು, ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಬಸವರಾಜನೆಂಬ ಚಿಂಚೋಳಿ ಕಡೆಯ ಗೃಹಸ್ಥನೊಬ್ಬ. ಕನ್ನಡದಲ್ಲಿ, ಅದೂ ನಮ್ಮ ಕಡೆಯ ಕನ್ನಡದಲ್ಲಿ, ಸ್ವತಂತ್ರ ತಂತ್ರಾಂಶವನ್ನು ಬಳಸುವುದು ಹೇಗೆಂದು ರಾಯರು ಪಾಠ ಮಾಡುವುದು, ಅದನ್ನು ವಿಡಿಯೊ ಮಾಡಿ ಎಲ್ಲರಿಗೂ ತಲುಪಿಸುವುದು ಎಂದು ನಿಶ್ಚಯವಾಯಿತು. ಮೊದಲು ಅವುಗಳನ್ನು ಇರಿಸಿದ್ದು ತತ್ವಕ್ಕೆ ತಕ್ಕ ಸ್ಥಳದಲ್ಲಿಯೇ. ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ನಡೆಸುತ್ತಿದ್ದ ಒಂದು ಸ್ವತಂತ್ರ ತಾಣದಲ್ಲಿ. ನಾಲ್ಕು ತಿಂಗಳಾದರೂ ಪಾಠಕ್ಕೆ ನೋಡುಗರು ಮೂವರು. ಒಬ್ಬರು ರಾಯರು, ಒಬ್ಬಳು ನಾನು. ಮೂರನೆಯವರು ಯಾರೆಂದು ನಾವು ಕುತೂಹಲದಿಂದ ಶೋಧಿಸಿದಾಗ ಅವರು ಫೋನಿನಿಂದ ನೋಡುತ್ತಿದ್ದ ರಾಯರೇ ಎಂದು ತಿಳಿಯಿತು. ಕೆಲ ದಿನಗಳಲ್ಲಿ ಆ ಪುಣ್ಯಾತ್ಮರಿಗೂ ಬಿಡುವು ತೀರಿ ತಾಣವೇ ಮುಚ್ಚಿಹೋಯಿತು.

ಆಗ ರಾಯರು ಒಂದು ಸಂಜೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ದೊಡ್ಡ ಕಂಪನಿಯ ವಿಡಿಯೊ ತಾಣದ ಪ್ರಸ್ತಾಪ ಎತ್ತಿದರು.

"ಅದು ಪರರ ಕಟ್ಟೆಯಲ್ಲವೇ?" ಎಂದೆ.

"ಹೌದ್ರಿ ಅಕ್ಕಾವ್ರ, ಪರರದ್ದೇ. ಆದ್ರ ಮಂದಿ ಯಾವ ಸ್ಟೇಷನ್ನಿನ್ಯಾಗ ನಿಂತಾರೋ ಅಲ್ಲೇ ಗಾಡಿ ನಿಲ್ಲಿಸಬೇಕಲ್ರಿ? ಅಡವ್ಯಾಗ ನಿಲ್ಲಿಸಿ ಸೀಟಿ ಊದಿದ್ರ ಯಾರ್ ಹತ್ತತಾರ? ನಲವತ್ತು ವರ್ಷ ಅದನ್ನೇ ನೋಡೀನಿ ನಾ."

ಮರುದಿನ ನನ್ನ ಹೆಸರಿನಲ್ಲೇ ಅಲ್ಲಿ ಒಂದು ಚಾನೆಲ್ ತೆರೆದೆ. ಏಕಾದಶಿಯ ಉಪವಾಸದ ಮಹಿಮೆಯನ್ನು ಮಿಠಾಯಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬೋಧಿಸಿದರೆ ಹೇಗಿದ್ದೀತು? ನಮ್ಮ ಕಾರ್ಯ ಹಾಗೆ ನಡೆಯಿತು. ನಮ್ಮ ಬೋಧೆಗೆ ಜನ ಸೇರಿದಷ್ಟೂ ಅಂಗಡಿಯವನಿಗೆ ಸಂತೋಷ. ಅವನು ನಮ್ಮನ್ನು ಎಬ್ಬಿಸಲಿಲ್ಲ. ಪರಾಧೀನ ತಂತ್ರಾಂಶದ ಕೇಡುಗಳನ್ನು ರಾಯರು ವಿವರಿಸುವ ಪಾಠ ಆರಂಭವಾಗುವ ಮುನ್ನ ಅದೇ ತಂತ್ರಾಂಶದ ಜಾಹೀರಾತು ಬಣ್ಣಬಣ್ಣವಾಗಿ ಬಂದು ಹೋಗುತ್ತಿತ್ತು. ನಾನು ಅಸಮಾಧಾನಪಟ್ಟರೆ ರಾಯರು ನಗುತ್ತಿದ್ದರು. ನೋಡುಗರು ನೂರಾದರು, ಆರುನೂರಾದರು. ಪ್ರತಿ ಪಾಠದ ಕೊನೆಗೂ ಅವರು ಕನ್ನಡಕ ತೆಗೆದು ಒಂದೇ ವಾಕ್ಯ ಹೇಳುತ್ತಿದ್ದರು: "ಕಲ್ತದ್ದನ್ನ ಬೀಗ ಹಾಕಿ ಇಡಬ್ಯಾಡ್ರಿ, ಇನ್ನೊಬ್ಬರಿಗೆ ಕೊಡ್ರಿ."

ಪಾಠಗಳ ಮೂಲಪ್ರತಿ ಎಲ್ಲಿತ್ತೆಂದು ನೀವು ಕೇಳಬಹುದು. ಹತ್ತೊಂಬತ್ತನೆಯ ಪಾಠವೇ ಆ ವಿಷಯದ್ದು. ಯಾವುದನ್ನೂ ಒಂದೇ ಕಡೆ ಇಡಬಾರದು, ಮೂರು ಕಡೆ ಇಡಬೇಕು ಎಂದು ರಾಯರು ಬೆರಳು ಮಡಚಿ ಹೇಳಿದ್ದರು. ಆದರೆ ಅವರು ಪಾಠ ಚಿತ್ರಿಸುತ್ತಿದ್ದುದು ಫೋನಿನಲ್ಲಿ. ಫೋನು ತುಂಬಿದಾಗ, ತಾಣಕ್ಕೆ ಸುರಕ್ಷಿತವಾಗಿ ಸೇರಿದ್ದನ್ನು ಇಲ್ಲಿ ಅಳಿಸಲೇ ಎಂದು ಅದು ವಿನಯದಿಂದ ಕೇಳುತ್ತಿತ್ತು. ರಾಯರು ಹೂಂ ಎನ್ನುತ್ತಿದ್ದರು. ಕೆಲವನ್ನು ಮನೆಯ ಕಂಪ್ಯೂಟರಿನಲ್ಲಿ ಇರಿಸಿದ್ದರಂತೆ. ತಮ್ಮ ನಂತರ ಅದು ಮಕ್ಕಳಿಗೆ ಸೇರಬೇಕೆಂಬ ಅವರ ಅಪೇಕ್ಷೆಯಂತೆ ಪದ್ಮಾಬಾಯಿಯವರು ಅದನ್ನು ಒಂದು ಕನ್ನಡ ಶಾಲೆಗೆ ಕೊಟ್ಟರು. ಶಾಲೆಯವರು ಆದರದಿಂದ ಬರಮಾಡಿಕೊಂಡು, ಕುಂಕುಮ ಹಚ್ಚಿ, ಒಳಗಿದ್ದುದನ್ನೆಲ್ಲ ಒರೆಸಿ, ಯಾವುದರ ವಿರುದ್ಧ ರಾಯರು ಅರವತ್ತನಾಲ್ಕು ಪಾಠ ಹೇಳಿದ್ದರೋ ಅದನ್ನೇ ಹಾಕಿಸಿದರು.

ಇನ್ನು ನನ್ನ ಪಾಲಿನ ಕಥೆ. ಈ ಊರಿನಲ್ಲಿ ರಾಮಕೋಟಿ ಬರೆಯುವ ಪದ್ಧತಿ ಉಂಟು. ಚೌಕದ ಮನೆಗಳುಳ್ಳ ಪುಸ್ತಕದಲ್ಲಿ ದೇವರ ಹೆಸರನ್ನು ಕೋಟಿ ಸಲ ಬರೆಯುವ ಸಂಕಲ್ಪ ಅದು. ಕೋಠಿ ಪೇಟೆಯ ಪುಸ್ತಕದಂಗಡಿಗಳಲ್ಲಿ ಅಂಥ ಪುಸ್ತಕಗಳು ಕಟ್ಟುಕಟ್ಟಾಗಿ ಸಿಗುತ್ತವೆ. ನಾನೇ ಎಷ್ಟೋ ಪುಸ್ತಕಗಳನ್ನು ತುಂಬಿಸಿ ಗುಡಿಗೆ ಒಪ್ಪಿಸಿದ್ದೇನೆ. ಒಂದೇ ನಾಮವನ್ನು ಬರೆಯುತ್ತ ಬರೆಯುತ್ತ ಕೈ ನೋಯುತ್ತದೆ, ಆಮೇಲೆ ಕೈ ಮರೆಯುತ್ತದೆ, ಆಮೇಲೆ ಯಾವುದೋ ಗಳಿಗೆಯಲ್ಲಿ ಬರೆಯುವವಳೂ ಮರೆತುಹೋಗುತ್ತಾಳೆ. ಗುಂಡೇರಾಯರ ವರ್ಷಾಬ್ದಿಕ ಹತ್ತಿರ ಬಂದಾಗ ನನಗೆ ಹೊಳೆದದ್ದು ಇದೇ. ಮನೆಯಲ್ಲಿ ಶ್ರಾದ್ಧ ವಿಧಿವತ್ತಾಗಿ ನಡೆಯುತ್ತದೆ, ಸರಿ. ಶಿಷ್ಯವರ್ಗದವರು ಏನು ಮಾಡಬೇಕು? ಆ ದಿನ ಒಬ್ಬೊಬ್ಬರೂ ರಾಯರ ಪಾಠಗಳ ಕೆಳಗೆ ಅವರ ಆ ಕೊನೆಯ ವಾಕ್ಯವನ್ನು ನೂರೆಂಟು ಸಲ ಬರೆಯಲಿ. ಲಿಖಿತ ಜಪ. ಇಪ್ಪತ್ತಾರು ಜನ, ಎರಡು ಸಾವಿರದ ಎಂಟುನೂರ ಎಂಟು ಆವೃತ್ತಿ. ಕೂಟದಲ್ಲಿ ಎಲ್ಲರೂ ಕೈಮುಗಿದ ಚಿತ್ರಗಳನ್ನು ಕಳುಹಿಸಿ ಸಮ್ಮತಿಸಿದರು.

ಸೂರ್ಯೋದಯಕ್ಕೆ ಆರಂಭಿಸಿದೆವು. ಒಂದು ಧರ್ಮಸೂಕ್ಷ್ಮದ ಪ್ರಶ್ನೆಯೂ ಎದ್ದಿತು: ಒಮ್ಮೆ ಬರೆದು ಉಳಿದದ್ದನ್ನು ಕಾಪಿ ಮಾಡಿ ಅಂಟಿಸಿದರೆ ಜಪದ ಫಲ ಉಂಟೇ? ಉಂಟಾಗದೆಂದು ನಾನು ನಿರ್ಣಯ ಕೊಟ್ಟೆ. ಪ್ರತಿ ಅಕ್ಷರವೂ ಬೆರಳಿನಿಂದ ಬರಬೇಕು. ಒಂದು ತಾಸಿನಲ್ಲಿ ಎಲ್ಲರ ನೂರೆಂಟೂ ಮುಗಿದಿತ್ತಾದ್ದರಿಂದ ನನ್ನ ನಿರ್ಣಯವನ್ನು ಯಾರೂ ಪಾಲಿಸಲಿಲ್ಲವೆಂದು ತಿಳಿಯಿತು. ನಾನು ಮಾತ್ರ ಎಪ್ಪತ್ತಮೂರಕ್ಕೆ ಬಂದಿದ್ದೆ. ಎಪ್ಪತ್ತನಾಲ್ಕನ್ನು ಬರೆದು ಒತ್ತಿದಾಗ ಪರದೆ ಬೆಳ್ಳಗಾಯಿತು. ಅಸಹಜ ನಡವಳಿಕೆ ಕಂಡುಬಂದಿದೆ, ಯಂತ್ರಗಳ ಮೂಲಕ ಒಂದೇ ಬರಹವನ್ನು ಮತ್ತೆ ಮತ್ತೆ ತುಂಬಿಸಿ ವಂಚಿಸುವ ಪ್ರಯತ್ನ ನಡೆದಿದೆ, ಆದ ಕಾರಣ ಈ ಚಾನೆಲನ್ನು ತೆಗೆದುಹಾಕಲಾಗಿದೆ ಎಂಬರ್ಥದ ಒಂದು ಒಕ್ಕಣೆ ಅಲ್ಲಿತ್ತು. ಅರವತ್ತನಾಲ್ಕು ಪಾಠಗಳೂ ಇರಲಿಲ್ಲ.

ಯಂತ್ರವು ನಮ್ಮನ್ನು ಯಂತ್ರಗಳೆಂದು ತಿಳಿದು ಹೊರಹಾಕಿತ್ತು.

ಅಂದಿನಿಂದ ನಾನು ಈ ಒಂದು ವಿಷಯವನ್ನು ತಿರುವಿ ತಿರುವಿ ನೋಡುತ್ತಿದ್ದೇನೆ. ನಮ್ಮ ಮಂತ್ರಪಾಠದ ಕ್ರಮವನ್ನು ಬಲ್ಲವರಿಗೆ ಗೊತ್ತು: ಪದವನ್ನು ನೇರವಾಗಿ ಹೇಳಿ, ಮುಂದಿನ ಪದದೊಂದಿಗೆ ಹೆಣೆದು, ಹಿಂದುಮುಂದು ಮಾಡಿ, ಮತ್ತೆ ನೇರ ಮಾಡಿ ಹೇಳುತ್ತಾರೆ. ಕೇಳುವವರಿಗೆ ಹುಚ್ಚೆನಿಸೀತು. ಒಂದು ಅಕ್ಷರವೂ ಸವೆಯದಂತೆ ಸಾವಿರಾರು ವರ್ಷ ಕಾದದ್ದು ಆ ಪುನರಾವೃತ್ತಿಯೇ. ಓಲೆಗರಿ ಬರೆಯುತ್ತಿದ್ದ ಲಿಪಿಕಾರರು ಗ್ರಂಥದ ಕೊನೆಗೆ ಎಣ್ಣೆಯಿಂದ, ನೀರಿನಿಂದ, ಸಡಿಲವಾದ ದಾರದಿಂದ ಇದನ್ನು ಕಾಪಾಡಿರಿ ಎಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಅವರು ಇಲಿಗೂ ಗೆದ್ದಲಿಗೂ ಮೂರ್ಖನ ಕೈಗೂ ಹೆದರಿದ್ದರು. ಓದುತ್ತಿರುವಾಗಲೇ ಗ್ರಂಥ ಕೈಯಿಂದ ಮಾಯವಾದೀತೆಂದು ಅವರಲ್ಲೊಬ್ಬನೂ ಹೆದರಿದಂತೆ ಕಾಣೆ. ನಮಗೆ ಪುನರಾವೃತ್ತಿ ರಕ್ಷೆ. ಆ ಕಟ್ಟೆಯ ಯಜಮಾನನಿಗೆ ಅದು ಅಪರಾಧ. ಅವನ ಕಟ್ಟೆಯ ಮೇಲೆ ಕುಳಿತು ನಾನು ನನ್ನ ಮನೆಯ ಮಡಿಯನ್ನು ಆಚರಿಸಲು ಹೋದೆ. ತಪ್ಪು ಯಾರದು?

ಮರುದಿನ ಬೆಳಗ್ಗೆ ಗೋಡೆಯ ಆಚೆಯಿಂದ ಸದ್ದಿಲ್ಲ. ಕಾಫಿ ಬಸಿಯುತ್ತ ನಿಂತವಳು ಪಾತ್ರೆ ಕೆಳಗಿಟ್ಟು ಹೋದೆ. ಪದ್ಮಾಬಾಯಿಯವರು ಅರಳೆಯನ್ನು ಮಡಿಲಲ್ಲಿಟ್ಟುಕೊಂಡು ಫೋನನ್ನು ಒರೆಸುತ್ತಿದ್ದರು, ಮಂಜು ಕವಿದ ಕನ್ನಡಕವನ್ನು ಒರೆಸುವಂತೆ.

"ಅಕ್ಕ, ಇವರು ಬರವಲ್ರು ನೋಡ್ರಿ," ಎಂದರು.

ಹೇಳಬೇಕಾಯಿತು. ಜಪ, ಸಂಖ್ಯೆ, ಸಂಕಲ್ಪ ಎಲ್ಲವನ್ನೂ ಹೇಳಿದೆ. ಆಕೆ ಒಂದು ಬತ್ತಿಯನ್ನು ಹೊಸೆದು ಮುಗಿಸಿ ತಟ್ಟೆಯಲ್ಲಿಟ್ಟು, ಬೈಗುಳವಿಲ್ಲದ ದನಿಯಲ್ಲಿ, "ನೀವು ಛಲೋದಕ್ಕೇ ಮಾಡೀರಿ. ಆದ್ರ ಅಕ್ಕ, ಅವರಿಗೆ ಯಾವ ಮಾತೂ ಒಂದ್ಸಲ ಹೇಳಿದ್ರ ಸಾಕಾಗ್ತಿತ್ತು," ಎಂದರು. ನಲವತ್ತು ವರ್ಷ ನಾನು ಪಾಠ ಹೇಳಿದ ವಿದ್ಯಾರ್ಥಿಗಳಲ್ಲಿ ಯಾರೂ ನನ್ನನ್ನು ಅಷ್ಟು ಸರಿಯಾಗಿ ತಿದ್ದಿರಲಿಲ್ಲ.

ಮೇಲ್ಮನವಿಗೆ ಅವಕಾಶವಿತ್ತು. ಜಪವೆಂದರೇನು, ಅದು ವಂಚನೆ ಏಕಲ್ಲ, ಗತಿಸಿದವರ ಧ್ವನಿಯನ್ನು ಅವರ ಪತ್ನಿ ದಿನವೂ ಕೇಳುತ್ತಾರೆ ಎಂಬುದನ್ನೆಲ್ಲ ನಾನು ಬಲ್ಲ ಅತ್ಯುತ್ತಮ ಇಂಗ್ಲಿಷಿನಲ್ಲಿ ಎರಡು ದಿನ ಕುಳಿತು ಬರೆದೆ. ಕಳುಹಿಸಿ, ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಉತ್ತರ ಬಂದಿತು: ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ. ಇನ್ನೊಮ್ಮೆ ಬರೆಯಬಹುದು, ಅದೇ ಕೊನೆ ಎಂದೂ ಇತ್ತು.

ಬರೆದದ್ದು ಸಾಲದು, ಮುಖ ಕಂಡು ಹೇಳೋಣ ಎಂದವರು ಪದ್ಮಾಬಾಯಿ. ಕಂಪನಿಯ ಕಚೇರಿ ಇದೇ ಊರಿನಲ್ಲಿದೆಯೆಂದು ನಾನೇ ಅವರಿಗೆ ಹೇಳಿದ್ದೆ. ಮೆಟ್ಟುಗುಡದಲ್ಲಿ ಮೆಟ್ರೊ ಹತ್ತಿ ರಾಯದುರ್ಗದಲ್ಲಿ ಇಳಿದೆವು, ಅಲ್ಲಿಂದ ಆಟೊ. ಕಚೇರಿಗೆ ಬರಿಗೈಯಲ್ಲಿ ಹೋಗಬಾರದೆಂದು ಆಕೆ ಡಬ್ಬಿಯಲ್ಲಿ ಶೇಂಗಾ ಉಂಡಿ ತಂದಿದ್ದರು. ಆಕಾಶವನ್ನು ಪ್ರತಿಬಿಂಬಿಸುವ ಗಾಜಿನ ಕಟ್ಟಡ. ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಕಾಣದು. ಗೇಟಿನ ಕಾವಲುಗಾರ ಮೊದಲು ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ ತಡೆದ. ನಾವಿಬ್ಬರೂ ಮೆಲ್ಲಗೆ ಮಾತಾಡಿಕೊಂಡದ್ದನ್ನು ಕೇಳಿ ಮುಖ ಬದಲಾಯಿಸಿದ.

"ಕನ್ನಡದೋರೇನ್ರಿ ಅಮ್ಮಾ? ನಮ್ದು ಯಾದಗಿರಿ ಕಡಿ ಐತ್ರಿ. ಯಾರನ್ನ ಕಾಣಬೇಕ್ರಿ?"

"ನಮ್ಮ ಯಜಮಾನರ ಪಾಠ ತೆಗದಾರಪ್ಪ. ತೆಗದವರನ್ನ ಕಾಣಬೇಕು," ಎಂದರು ಪದ್ಮಾಬಾಯಿ.

"ಹೆಸರೇನ್ರಿ ಅವರ್ದು?"

"ಅದೇ ಗೊತ್ತಿಲ್ಲ."

"ಹೆಸರಿಲ್ದ ಹ್ಯಾಂಗ ಕರೀಲ್ರಿ? ಇಲ್ಲಿ ಐದು ಸಾವಿರ ಮಂದಿ ಕಾರ್ಡ್ ತೋರಿಸಿ ಒಳಗ ಹೋಗ್ತಾರ. ಯಾರೇನ್ ಮಾಡ್ತಾರ ಅಂತ ಅವರವರಿಗೇ ಗೊತ್ತಿಲ್ಲಂತ್ರಿ, ನನಗೇನ್ ಗೊತ್ತಾಗ್ತೈತಿ?"

ಆದರೂ ಅವನು ಫೋನೆತ್ತಿ ಒಳಗೆ ಯಾರನ್ನೋ ವಿಚಾರಿಸಿದ. ಅಂಥ ಕೆಲಸ ಇಲ್ಲಿ ಯಾರೂ ಮಾಡುವುದಿಲ್ಲ, ಎಲ್ಲ ಅದರಷ್ಟಕ್ಕೆ ಆಗುತ್ತದೆ, ಅಂತರ್ಜಾಲದಲ್ಲೇ ಅರ್ಜಿ ಹಾಕಬೇಕು ಎಂದು ಉತ್ತರ ಬಂದಿತು. ಅದನ್ನು ನಮಗೆ ಹೇಳುವಾಗ ಅವನು ತಾನೇ ತಪ್ಪು ಮಾಡಿದವನಂತೆ ನೆಲ ನೋಡಿದ. ಪದ್ಮಾಬಾಯಿ ಡಬ್ಬಿಯನ್ನು ಅವನ ಕೈಯಲ್ಲಿಟ್ಟರು. "ಒಳಗ ಯಾರೂ ಇಲ್ಲ ಅಂದ್ರ ನೀನಾದ್ರೂ ತಿನ್ನಪ್ಪ," ಎಂದರು. ನಾವು ತಿರುಗಿ ಮೆಟ್ರೊ ಹತ್ತಿದೆವು. 

ಎರಡನೆಯ ಮನವಿಗೆ ಮುನ್ನ, ನಾವು ಒಪ್ಪಿಕೊಂಡಿದ್ದಾದರೂ ಏನೆಂದು ತಿಳಿಯಲು ಆ ಕಂಪನಿಯ ಷರತ್ತುಗಳನ್ನು ಆದ್ಯಂತ ಓದಲು ಕುಳಿತೆ. ಒಂಬತ್ತು ದಿನ ಹಿಡಿಯಿತು, ನವಾಹ ಪಾರಾಯಣವೇ ಆಯಿತೆನ್ನಿ. ಹಳೆಯ ದಾನಶಾಸನಗಳನ್ನು ನಾನು ಓದಬಲ್ಲೆ. ಅಲ್ಲಿ ಕೊಡುವವನು ತನ್ನನ್ನು, ತನ್ನ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಹಾಕಿಕೊಳ್ಳುತ್ತಾನೆ. ಇದನ್ನು ಕೆಡಿಸಿದವನಿಗೆ ಇಂಥಿಂಥ ಪಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಕೊರೆಸುತ್ತಾನೆ. ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಇಲ್ಲಿ ನೂರಾರು ಪರಿಚ್ಛೇದಗಳು, ಕಟ್ಟುಬೀಳುವವರು ನಾವೊಬ್ಬರೇ. ಯಾವುದೇ ಕಾಲದಲ್ಲಿ, ಯಾವುದೇ ಕಾರಣಕ್ಕೆ, ಕಾರಣವಿಲ್ಲದೆಯೂ ತೆಗೆದುಹಾಕಬಹುದು ಎಂಬಲ್ಲಿಗೆ ಬಂದಾಗ ನನಗೆ ಕೋಪ ಬರಲಿಲ್ಲ. ಅದರ ಕೆಳಗೆ ನನ್ನ ಒಪ್ಪಿಗೆ ಇತ್ತು. ಓದಿದ್ದೇನೆ, ಒಪ್ಪಿದ್ದೇನೆ ಎಂದು ಗುಂಡಿ ಒತ್ತಿದವಳು ನಾನೇ. ಒತ್ತುವಾಗ ಬಹುಶಃ ಬಾಯಲ್ಲಿ ನಾಮಸ್ಮರಣೆಯೂ ಇದ್ದೀತು. ಎರಡನೆಯ ಮನವಿಯೂ ತಿರಸ್ಕೃತವಾಯಿತು. ಇದೇ ಅಂತಿಮವೆಂದು ತಿಳಿಸಿದ್ದರು.

ನಿರಾಶೆಗೂ ಒಂದು ದಿನಚರಿ ಇರುತ್ತದೆ. ಬೆಳಗ್ಗೆ ಗೋಡೆಯ ಆಚೆ ಮೌನ, ಈಚೆ ನನ್ನ ಪೂಜೆ. ಅಷ್ಟೋತ್ತರ ಹೇಳುವಾಗ ನಾಲಗೆ ತಡವರಿಸುತ್ತಿತ್ತು. ಹೀಗೆ ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬಸವರಾಜ ಬಂದ. ಪಟಾನ್‌ಚೆರುವಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಬಾಗಿಲಲ್ಲಿ ನಿಂತು, ಒಳಗೆ ಬಾರೆಂದರೂ ಬಾರದೆ ಹೇಳಿದ:

"ತಪ್ಪಾಗೇತ್ರಿ ಅಕ್ಕಾವ್ರ. ನಾ ಕಳವು ಮಾಡೀನ್ರಿ."

ಏನೆಂದು ಕೇಳಿದೆ. ಕಾರ್ಖಾನೆಯ ಬಸ್ಸಿನಲ್ಲಿ ಸಿಗ್ನಲ್ ಸಿಗದಾದ್ದರಿಂದ ಅವನು ರಾಯರ ಪಾಠಗಳನ್ನು ಯಾವುದೋ ಕಳ್ಳದಾರಿಯಿಂದ ಫೋನಿಗೆ ಇಳಿಸಿಕೊಂಡು ಕೇಳುತ್ತಿದ್ದನಂತೆ. ಹಾಗೆ ಇಳಿಸಿಕೊಳ್ಳುವುದು ಆ ತಾಣದ ಷರತ್ತಿಗೆ ವಿರುದ್ಧ, ಕೊಟ್ಟ ಮಾತಿಗೆ ತಪ್ಪಿ ನಡೆಯುವುದು ನಮ್ಮಂಥವರಿಗೆ ತಕ್ಕುದಲ್ಲ ಎಂದು ನಾನೇ ಹಿಂದೆ ಕೂಟದಲ್ಲಿ ಎಲ್ಲರಿಗೂ ಉಪದೇಶಿಸಿದ್ದೆ. ಆ ಭಯಕ್ಕೆ ಅವನು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ನನ್ನ ಉಪದೇಶವನ್ನು ಉಳಿದ ಇಪ್ಪತ್ತನಾಲ್ಕು ಸಜ್ಜನರೂ ಪಾಲಿಸಿದ್ದರು. ಆದ್ದರಿಂದ ಅವರಲ್ಲಿ ಯಾರ ಬಳಿಯೂ ಏನೂ ಉಳಿದಿರಲಿಲ್ಲ.

"ಎಷ್ಟು ಪಾಠ ಇವೆಯಪ್ಪ?" ಎಂದೆ.

"ಒಂದೇ ಐತ್ರಿ. ಕಲ್ತಂಗ ಕಲ್ತಂಗ ಅಳಿಸಿದೆ, ಫೋನ್ ತುಂಬತೈತಲ್ರಿ. ಇದೊಂದು ತಿಳಿಲಿಲ್ರಿ. ಸರ್ರು ಅರ್ಧಾಕ್ಕ ಎದ್ದು ಹೋಗ್ಯಾರ. ಮುಂದೇನು ಅಂತ ಕೇಳಬೇಕು ಅಂತ ಇಟ್ಟಿದ್ದೆ. ಅಷ್ಟ್ರಾಗ ಅವರೇ ಹೋದ್ರು."

ತಿಳಿದದ್ದು ಅಳಿಯಿತು, ತಿಳಿಯದ್ದು ಉಳಿಯಿತು. ಹಳೆಯ ಭಂಡಾರಗಳಲ್ಲಿಯೂ ಹೀಗೇ. ಎಲ್ಲರೂ ಕೈಯಾಡಿಸಿದ ಗ್ರಂಥ ಹರಿದುಹೋಗಿ, ಯಾರಿಗೂ ಬೇಡವಾದದ್ದು ದಾರ ಕೂಡ ಬಿಚ್ಚದೆ ನಮ್ಮವರೆಗೆ ಬಂದಿರುತ್ತದೆ.

ಅವನನ್ನು ಕರೆದುಕೊಂಡು ಪದ್ಮಾಬಾಯಿಯವರ ಮನೆಗೆ ಹೋದೆ. ನೆಲದ ಮೇಲೆ ಚಾಪೆ ಹಾಸಿ ಕುಳಿತು, ಬಸವರಾಜನ ಒಡೆದ ಪರದೆಯ ಫೋನನ್ನು ಉಪ್ಪಿನಕಾಯಿ ಜಾಡಿಗೆ ಆನಿಸಿ ನಿಲ್ಲಿಸಿದೆವು. ರಾಯರು ಕಾಣಿಸಿಕೊಂಡರು. ನಾಲ್ಕೈದು ನಿಮಿಷ ಏನನ್ನೋ ವಿವರಿಸಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ: "ಎಷ್ಟೊತ್ತು ಆ ಡಬ್ಬಿ ಮುಂದ ಕೂಡ್ತೀರಿ? ಉಪ್ಪಿಟ್ಟು ಆರಲಿಕತ್ತದ."

"ಬಂದೆ ಮಾರಾಯ್ತಿ, ಮಂದಿ ಕೇಳಲಿಕತ್ತಾರ."

"ಮಂದಿಗೆ ಮಾಡಿಲ್ಲ ನಾ ಉಪ್ಪಿಟ್ಟು, ನಿಮಗ ಮಾಡೀನಿ!"

ರಾಯರು ನಮ್ಮತ್ತ ನೋಡಿ, ಸಿಕ್ಕಿಬಿದ್ದ ಹುಡುಗನಂತೆ ನಕ್ಕು, ಎದ್ದು ಹೋದರು. ಚಿತ್ರಣ ನಿಲ್ಲಿಸುವುದನ್ನು ಮರೆತಿದ್ದರು. ಆಮೇಲೆ ಏಳು ನಿಮಿಷ ಖಾಲಿ ಕುರ್ಚಿ, ಫ್ಯಾನಿನ ಸದ್ದು, ಒಳಗೆಲ್ಲೋ ತಟ್ಟೆಗೆ ಚಮಚ ತಾಗುವ ಸದ್ದು, ದೂರದಲ್ಲಿ ಸ್ಟೇಷನ್ನಿಗೆ ಬರುವ ಗಾಡಿಯ ಸೀಟಿ. ಅಲ್ಲಿಗೆ ಮುಗಿಯಿತು. ಆ ಪಾಠವೊಂದರಲ್ಲಿ ಮಾತ್ರ ಕೊನೆಯ ವಾಕ್ಯವೂ ಇರಲಿಲ್ಲ.

ನಾನು ಪದ್ಮಾಬಾಯಿಯವರ ಮುಖ ನೋಡಲು ಹೆದರಿ ಜಾಡಿಯನ್ನೇ ನೋಡುತ್ತಿದ್ದೆ. "ಖರೇನೇ ಆರಿತ್ತು ಉಪ್ಪಿಟ್ಟು," ಎಂದರು ಆಕೆ. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಹಚ್ಚಪ್ಪ," ಎಂದರು.

ಮೂರನೆಯ ಸಲ ನೋಡಿ ಮುಗಿದ ಮೇಲೆ ಬಸವರಾಜ ಉತ್ಸಾಹದಿಂದ, ಹೊಸ ಚಾನೆಲ್ ತೆರೆದು ಇದನ್ನು ಹಾಕೋಣವೆಂದ. ಆಕೆ ಫೋನನ್ನು ಕೈಗೆತ್ತಿಕೊಂಡರು.

"ಅಲ್ಲಿ ಹಾಕಬ್ಯಾಡ್ರಿ. ಆ ಕಟ್ಟಿ ಮ್ಯಾಲ ಇನ್ನ ಅವರು ಕೂಡೂದು ಬ್ಯಾಡ. ಇದ್ರಾಗ ನಾನೂ ಇದ್ದೀನಿ."

"ಸರ್ರು ಬೀಗ ಹಾಕಬ್ಯಾಡ್ರಿ ಅಂತಿದ್ರಲ್ರಿ ಅಮ್ಮಾ?" ಎಂದ ಅವನು, ತಗ್ಗಿದ ದನಿಯಲ್ಲಿ.

 ಶಾಸ್ತ್ರಾರ್ಥದಲ್ಲಿ ಗೆಲ್ಲಲಾಗದ ಪ್ರಶ್ನೆ ಅದು. ಹಂಚಬೇಕೆಂಬುದು ಅವರ ಯಜಮಾನರ ಮಾತು. ಆ ಯಜಮಾನರಾಗಿ ಉಳಿದಿರುವುದು ಹನ್ನೆರಡು ನಿಮಿಷ, ಅದರಲ್ಲಿ ಏಳು ನಿಮಿಷ ಬರಿಯ ಕುರ್ಚಿ. ಪದ್ಮಾಬಾಯಿ ಯೋಚಿಸಿದರು.

"ಬೀಗ ಹಾಕ್ರಿ ಅನ್ನೂದಿಲ್ಲ ನಾ. ಬೇಕಾದವರು ಮನೀಗೆ ಬರ್ಲಿ. ತಮ್ಮ ಫೋನೋ ಡಬ್ಬಿಯೋ ತರ್ಲಿ. ಕೂತು, ಉಪ್ಪಿಟ್ಟು ತಿಂದು, ತುಂಬ್ಕೊಂಡು ಹೋಗ್ಲಿ. ಬಂದವರ ಮಾರಿ ನಾ ನೋಡ್ತೀನಿ, ನನ್ನ ಮಾರಿ ಅವರು ನೋಡ್ತಾರ."

ಇಷ್ಟು ವರ್ಷ ನಾವು ಅರಸುತ್ತಿದ್ದ ಸ್ವತಂತ್ರ ತಾಣ ಇದೇ ಇರಬೇಕೆಂದು ಆ ಕ್ಷಣ ನನಗೆ ರೋಮಾಂಚವಾಯಿತು. ಪರರ ಹಂಗಿಲ್ಲ, ಷರತ್ತುಗಳಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಹಿಂದೆ ಓಲೆಗರಿ ನಕಲಾಗುತ್ತಿದ್ದಂತೆ. ಆದರೆ ಮನೆಗೆ ಬಂದು ಕುಳಿತಾಗ ರೋಮಾಂಚ ಇಳಿಯಿತು. ಉಳಿದಿರುವುದು ಅರವತ್ತನಾಲ್ಕರಲ್ಲಿ ಒಂದು, ಅದೂ ಅರ್ಧ. ಈ ಊರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲು ಅರ್ಧ ದಿನ ಬೇಕು. ಮುಗಿಯದ ಪಾಠವೊಂದಕ್ಕಾಗಿ ಯಾರು ಬಂದಾರು? ಬಂದವರು ಕೊಂಡೊಯ್ದು ಮತ್ತೆ ಆ ಕಟ್ಟೆಯ ಮೇಲೆಯೇ ಹಾಕರೆಂದು ಯಾವ ಆಣೆ ಇಡಿಸಲಿ? ಹೇಗೆ ನೋಡಿದರೂ ನಾವು ಸೋತವರೇ.

ಆದರೂ ಈವರೆಗೆ ಮೂವರು ಬಂದು ಹೋಗಿದ್ದಾರೆ. ಪದ್ಮಾಬಾಯಿಯವರು ಪ್ರತಿ ಸಲವೂ ಬಿಸಿ ಉಪ್ಪಿಟ್ಟು ಮಾಡಿ, ಬಂದವರಿಗೆ ಚಾಪೆ ಹಾಸಿ, ತಾವೂ ಎದುರು ಕುಳಿತು ಹನ್ನೆರಡು ನಿಮಿಷವನ್ನೂ ನೋಡುತ್ತಾರೆ. ಖಾಲಿ ಕುರ್ಚಿಯ ಭಾಗವನ್ನು ಯಾರೂ ಮುಂದೆ ಓಡಿಸುವಂತಿಲ್ಲ. ಹೋಗುವಾಗ ಬಾಗಿಲವರೆಗೆ ಬಂದು ಬೀಳ್ಕೊಡುತ್ತಾರೆ. ಹೀಗೆ ಮನೆ ಹುಡುಕಿಕೊಂಡು ಬರುವ ಮಂದಿ ಇನ್ನೂ ಇದ್ದಾರಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೇಗೆ ಮುಟ್ಟಿತು ನೋಡಿರಿ ಎಂದು ನನ್ನ ಬಳಿ ಅಚ್ಚರಿಪಡುತ್ತಾರೆ.

ನಾನು ಹೌದೆಂದು ತಲೆಯಾಡಿಸುತ್ತೇನೆ. ಆ ಮೂವರೂ ಬಂದದ್ದು ಅದೇ ಕಂಪನಿಯ ತಾಣದಲ್ಲಿ ಹೊಸ ಹೆಸರಿನಿಂದ, ಮತ್ತೊಮ್ಮೆ ಎಲ್ಲ ಷರತ್ತಿಗೂ ಒಪ್ಪಿ, ನಾನು ಹಾಕಿದ ಆಮಂತ್ರಣ ನೋಡಿ. ಒಂದೇ ಸಲ ಹಾಕಿದ್ದೇನೆ. ಅದನ್ನು ಪದ್ಮಾಬಾಯಿಯವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.